ಪುಟ್ಟ ನಾಯಿಯ ಹಲ್ಲು ಕ್ಲೀನಿಂಗ್: ಅರಿವಳಿಕೆ ಯಾವುದು, ನೋಡಿಕೊಳ್ಳುವವರು ಯಾರು?

(ಗೋಣಿಕೊಪ್ಪದಲ್ಲಿ ನಾಯಿ ಸಾಕಿರುವವರ ಮುಂದೆ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಬೇಟೆ ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳನ್ನು ಇಲ್ಲಿರುವ ಹೆಚ್ಚಿನವರು ನೋಡಿರುತ್ತೀರಿ. ಕಾಡುಹಂದಿಯ ಬೆನ್ನು ಹತ್ತುತ್ತಿದ್ದ ನಾಯಿಗಳ ಕಾಲದ ಹರಕೆ ಅದು. ಈಗ ಕ್ಲಿನಿಕ್ಕಿಗೆ ಬರುವವರ ಕಂಕುಳಲ್ಲಿ ಇರುವುದು ಪಾಮ್, ಶಿಟ್ಸು, ಲಾಸಾ, ಪಗ್, ಡ್ಯಾಶ್‌ಹುಂಡ್ ತರಹದ ಪುಟ್ಟ ತಳಿಗಳು. ತೋಟದ ನಾಯಿ ಗೇಟಿನ ಹತ್ತಿರ, ಇವರು ಸೋಫಾದ ಮೇಲೆ. ಸೋಫಾದ ಮೇಲೆ ಇದ್ದಾರೆ ಅಂತಲೇ ಬಾಯಿಯ ವಾಸನೆ ಮನೆಯವರ ಮೂಗಿಗೆ ಬಡಿಯುತ್ತದೆ. ಆಗ ಬಂದು ಕೇಳುತ್ತಾರೆ: "ಡಾಕ್ಟ್ರೇ, ಇವನ ಹಲ್ಲು ಕ್ಲೀನ್ ಮಾಡಿಕೊಡಿ. ಆದರೆ ಅನಸ್ತೇಸಿಯಾ ಮಾತ್ರ ಬೇಡ." ಇವತ್ತಿನ ನನ್ನ ಮಾತೆಲ್ಲ ಆ "ಬೇಡ" ಎಂಬುದರ ಸುತ್ತಲೇ. ಹೆದರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಹೆದರಬೇಕಾದ ಜಾಗ ಬೇರೆ ಇದೆ, ಅದನ್ನು ತೋರಿಸಬೇಕು ಅಂತ ಬಂದಿದ್ದೇನೆ.

ಮೊದಲು ಬಾಯಿಯ ಒಳಗೆ ಒಂದು ಸಲ ಇಣುಕೋಣ. ಬೆಳೆದ ನಾಯಿಗೆ 42 ಹಲ್ಲು. ಮೂವತ್ತು ಕಿಲೋದ ಲ್ಯಾಬ್ರಡಾರಿಗೂ ಅಷ್ಟೇ, ಮೂರು ಕಿಲೋದ ಪಾಮಿಗೂ ಅಷ್ಟೇ. ದವಡೆ ಚಿಕ್ಕದಾದಷ್ಟು ಹಲ್ಲು ಚಿಕ್ಕದಾಗಿಲ್ಲ. ಹಾಗಾಗಿ ಒಂದರ ಮೇಲೊಂದು ವಾಲಿಕೊಂಡು, ಅಡ್ಡ ತಿರುಗಿಕೊಂಡು ನಿಂತಿರುತ್ತವೆ, ಸಂದಿಯಲ್ಲಿ ಅನ್ನ, ಬಿಸ್ಕತ್ತು ಸಿಕ್ಕಿಕೊಳ್ಳುತ್ತದೆ. ಉಂಡ ಮೇಲೆ ಹಲ್ಲಿಗೆ ಅಂಟುವ ಲೋಳೆ ಒಂದು ದಿನದೊಳಗೆ ಪದರವಾಗುತ್ತದೆ, ಎರಡು ಮೂರು ದಿನಕ್ಕೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗತೊಡಗುತ್ತದೆ. ಹಳದಿ, ಕಂದು ಬಣ್ಣಕ್ಕೆ ಕಾಣುವ ಗಾರೆ ಅದೇ. ಅದು ಕಣ್ಣಿಗೆ ಕಾಣುವ ಭಾಗ ಮಾತ್ರ. ನಿಜವಾದ ಕಾಯಿಲೆ ಒಸಡಿನ ಕೆಳಗೆ. ಅಲ್ಲಿ ಸೇರಿದ ಬ್ಯಾಕ್ಟೀರಿಯಾದಿಂದ ಒಸಡು ಊದಿಕೊಳ್ಳುತ್ತದೆ, ಹಲ್ಲು ಹಿಡಿದುಕೊಂಡಿರುವ ಮೂಳೆ ಕರಗುತ್ತದೆ. ಪುಟ್ಟ ನಾಯಿಯ ಕೆಳದವಡೆಯ ದೊಡ್ಡ ದವಡೆಹಲ್ಲಿನ ಬೇರು ಹೆಚ್ಚುಕಡಿಮೆ ದವಡೆಯ ಕೆಳಅಂಚಿನ ತನಕ ಇಳಿದಿರುತ್ತದೆ. ಅದರ ಸುತ್ತ ಮೂಳೆ ಸವೆದರೆ ದವಡೆಯೇ ಬಿರುಕು ಬಿಡಬಹುದು, ಹಲ್ಲು ಕೀಳುವಾಗಲೂ ಸರಿ, ಸೋಫಾದಿಂದ ಹಾರಿದಾಗಲೂ ಸರಿ. ಡ್ಯಾಶ್‌ಹುಂಡ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಮೇಲಿನ ಕೋರೆಹಲ್ಲಿನ ಒಳಬದಿ ಕೊಳೆತು ಮೂಗಿಗೆ ತೂತು ಬೀಳುವುದು ಈ ತಳಿಯಲ್ಲಿ ಜಾಸ್ತಿ. ನಾಯಿ ಸೀನುತ್ತಲೇ ಇರುತ್ತದೆ, ಮನೆಯವರು ಮಳೆಗಾಲದ ಶೀತ ಅಂದುಕೊಂಡು ಸುಮ್ಮನಿರುತ್ತಾರೆ.

ಎಚ್ಚರ ಇರುವ ನಾಯಿಯ ಹಲ್ಲನ್ನು ಕೆರೆದು ಬೆಳ್ಳಗೆ ಮಾಡಿಕೊಡುವವರು ಈಗ ಊರೂರಿಗೂ ಬಂದಿದ್ದಾರೆ. ಸ್ನಾನ, ಉಗುರು, ಕೂದಲು, ಜೊತೆಗೆ ಹಲ್ಲು. ಒಬ್ಬರು ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಚೂಪಾದ ಸಲಕರಣೆಯಿಂದ ಹೊರಬದಿಯ ಗಾರೆ ಒಡೆದು ತೆಗೆಯುತ್ತಾರೆ. ಗೆದ್ದಲು ಹಿಡಿದ ಗೋಡೆಗೆ ಸುಣ್ಣ ಹೊಡೆದ ಹಾಗೆ. ಹಲ್ಲಿನ ಒಳಬದಿಗೆ, ಅಂದರೆ ನಾಲಿಗೆಯ ಕಡೆಗೆ, ಕೈ ಹೋಗುವುದಿಲ್ಲ. ಒಸಡಿನ ಕೆಳಗೆ ಹೋಗುವ ಮಾತೇ ಇಲ್ಲ, ಯಾಕೆಂದರೆ ನೋವಾಗುತ್ತದೆ, ನಾಯಿ ಬಿಡುವುದಿಲ್ಲ. ಕೆರೆದ ಮೇಲೆ ಪಾಲಿಶ್ ಮಾಡದೆ ಬಿಟ್ಟರೆ ಹಲ್ಲಿನ ಮೇಲೆ ಸಣ್ಣ ಗೀರುಗಳು ಉಳಿದು ಮುಂದಿನ ಗಾರೆ ಇನ್ನೂ ಬೇಗ ಹಿಡಿಯುತ್ತದೆ. ಅಮೆರಿಕದ ಪಶು ದಂತವೈದ್ಯರ ಕಾಲೇಜಾಗಲಿ, ಸಣ್ಣ ಪ್ರಾಣಿಗಳ ವೈದ್ಯರ ಜಾಗತಿಕ ಒಕ್ಕೂಟವಾಗಲಿ, ಈ ಪದ್ಧತಿ ಬೇಡ ಅಂತ ಕಡ್ಡಿ ಮುರಿದಂತೆ ಹೇಳಿವೆ. ನನ್ನ ದೂರು ಸ್ವಲ್ಪ ಬೇರೆ. ಹಲ್ಲು ಬೆಳ್ಳಗಾದ ಮೇಲೆ ಮನೆಯವರು ನಿಶ್ಚಿಂತೆಯಿಂದ ಎರಡು ವರ್ಷ ಬಾಯಿ ತೆಗೆದು ನೋಡುವುದೇ ಇಲ್ಲ. ಆಮೇಲೆ ನನ್ನ ಹತ್ತಿರ ಬರುವ ಹೊತ್ತಿಗೆ ಅಲ್ಲಾಡುವ ಹಲ್ಲು ಎಣಿಸುವ ಕೆಲಸ ಅಷ್ಟೇ ಉಳಿದಿರುತ್ತದೆ.

ಹಾಗಿದ್ದರೆ ಅರ್ಧ ಮಂಪರು? ಇದು ಬಹಳ ಜನ ಕೇಳುವ ಪ್ರಶ್ನೆ. "ಪೂರ್ತಿ ಎಚ್ಚರ ತಪ್ಪಿಸಬೇಡಿ, ಸ್ವಲ್ಪ ತೂಕಡಿಸೋ ಇಂಜೆಕ್ಷನ್ ಹಾಕಿ ಮುಗಿಸಿಬಿಡಿ" ಅಂತಾರೆ. ಸ್ವಲ್ಪ ಅಂದರೆ ಸುರಕ್ಷಿತ ಅಂತ ನಮ್ಮ ಮನಸ್ಸಿಗೆ ಅನ್ನಿಸುತ್ತದೆ. ಹಲ್ಲಿನ ವಿಷಯದಲ್ಲಿ ಮಾತ್ರ ಇದು ತಲೆಕೆಳಗು. ಎಲ್ಲ ಆಯ್ಕೆಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ.

ಕಾರಣ ನೀರು. ಗಾರೆ ತೆಗೆಯುವ ಅಲ್ಟ್ರಾಸೋನಿಕ್ ಸ್ಕೇಲರಿನ ತುದಿ ಸೆಕೆಂಡಿಗೆ ಇಪ್ಪತ್ತೈದು ಸಾವಿರ ಸಲಕ್ಕೂ ಮಿಗಿಲಾಗಿ ಕಂಪಿಸುತ್ತದೆ. ಆ ಬಿಸಿಗೆ ಹಲ್ಲಿನ ಒಳಗಿನ ಜೀವ ಸಾಯಬಾರದು ಅಂತ ಅದರಿಂದ ಸತತ ನೀರು ಚಿಮ್ಮುತ್ತಿರುತ್ತದೆ, ಒಂದೇ ಹಲ್ಲಿನ ಮೇಲೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಇಡುವ ಹಾಗೂ ಇಲ್ಲ. ಆ ನೀರಿನಲ್ಲಿ ಗಾರೆಯ ಚೂರು, ರಕ್ತ, ಬ್ಯಾಕ್ಟೀರಿಯಾ ಎಲ್ಲ ಸೇರಿ ಗಂಟಲಿಗೆ ಇಳಿಯುತ್ತದೆ. ಪೂರ್ತಿ ಎಚ್ಚರ ಇರುವ ನಾಯಿ ಕೆಮ್ಮಿ ಹೊರಹಾಕುತ್ತದೆ. ಪೂರ್ತಿ ಅರಿವಳಿಕೆಯಲ್ಲಿ ಇರುವ ನಾಯಿಯ ಶ್ವಾಸನಾಳದಲ್ಲಿ ನಾವು ಟ್ಯೂಬ್ ಹಾಕಿ ಮುಚ್ಚಿರುತ್ತೇವೆ. ನಡುವೆ ತೂಕಡಿಸುತ್ತಿರುವ ನಾಯಿಗೆ ಎರಡೂ ಇಲ್ಲ, ಕೆಮ್ಮೂ ಇಲ್ಲ, ಟ್ಯೂಬೂ ಇಲ್ಲ. ನೀರು ನೇರ ಶ್ವಾಸಕೋಶಕ್ಕೆ. ಅಂದು ಸಂಜೆ ನಾಯಿ ನಡೆದುಕೊಂಡೇ ಮನೆಗೆ ಹೋಗುತ್ತದೆ, ಎರಡು ದಿನ ಬಿಟ್ಟು ನ್ಯುಮೋನಿಯಾ ಆಗಿ ಬರುತ್ತದೆ.

ನಮ್ಮ ಕಡೆ ಬಹುಕಾಲದಿಂದ ಕೈಗೆ ಸಿಗುವ ಮಂಪರಿನ ಮದ್ದು ಕ್ಸೈಲಝೀನ್ ಮತ್ತು ಕೆಟಮೀನ್. ಗಾಯಕ್ಕೆ ಹೊಲಿಗೆ, ತೋಟದಲ್ಲಿ ಉರುಳಿಗೆ ಸಿಕ್ಕ ನಾಯಿಯ ಕಾಲು ಬಿಡಿಸುವುದು, ಇಂಥ ಕೆಲಸಕ್ಕೆ ಇವು ನಮ್ಮನ್ನು ಕಾಪಾಡಿವೆ, ಬಯ್ಯಲಾರೆ. ಆದರೆ ಕ್ಸೈಲಝೀನ್ ಕೊಟ್ಟರೆ ಎಷ್ಟೋ ನಾಯಿ ವಾಂತಿ ಮಾಡುತ್ತವೆ, ಎದೆಬಡಿತ ತೀರ ನಿಧಾನವಾಗುತ್ತದೆ. ಕೆಟಮೀನಿನಲ್ಲಿ ನಾಯಿ ಕಣ್ಣು ಬಿಟ್ಟುಕೊಂಡೇ ಇರುತ್ತದೆ, ಜೊಲ್ಲು ಸುರಿಯುತ್ತದೆ, ನುಂಗುವ ಹಾಗೆ ಕಾಣುತ್ತದೆ. ಹಾಗೆ ಕಾಣುವುದನ್ನು ನಂಬಿ ಗಂಟಲಿಗೆ ನೀರು ಬಿಡುವ ಹಾಗಿಲ್ಲ. ಇನ್ನೊಂದು, ಮಾಂಸಖಂಡಕ್ಕೆ ಒಮ್ಮೆ ಚುಚ್ಚಿದ ಮದ್ದನ್ನು ವಾಪಸು ಎಳೆದುಕೊಳ್ಳಲಾಗುವುದಿಲ್ಲ. ಕ್ಸೈಲಝೀನಿಗೆ ಯೋಹಿಂಬಿನ್ ಎಂಬ ಎದುರುಮದ್ದು ಇದೆ, ಕೆಟಮೀನಿಗೆ ಅಂಥದ್ದಿಲ್ಲ. ಅದು ಲಿವರು, ಕಿಡ್ನಿ ಕಳಿಸಿದಾಗ ಹೋಗಬೇಕು. ಲಿವರು, ಕಿಡ್ನಿ ಹೇಗಿದೆ ಅಂತ ರಕ್ತ ನೋಡದೆ ಹೇಳಲು ಯಾರಿಗೂ ಸಾಧ್ಯವಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಆಯ್ಕೆ ಮದ್ದಿನ ಹೆಸರಿನದಲ್ಲ. ಟ್ಯೂಬ್ ಹಾಕುತ್ತಾರೋ ಇಲ್ಲವೋ, ಆಕ್ಸಿಜನ್ ಇದೆಯೋ ಇಲ್ಲವೋ, ಹಲ್ಲು ನೋಡುವವರನ್ನು ಬಿಟ್ಟು ಉಸಿರು ನೋಡುವುದಕ್ಕೆಂದೇ ಇನ್ನೊಬ್ಬರು ನಿಂತಿರುತ್ತಾರೋ ಇಲ್ಲವೋ. ಈ ಮೂರಕ್ಕೂ "ಹೌದು" ಅಂತ ಉತ್ತರ ಬಂದ ಮೇಲೆ ಯಾವ ಮದ್ದು ಅಂತ ಮಾತಾಡೋಣ.

ಮದ್ದಿನ ವಿಷಯಕ್ಕೆ ಬರುತ್ತೇನೆ. ಹಲ್ಲಿನ ಕೆಲಸಕ್ಕೆ ಈಗ ರೂಢಿಯಲ್ಲಿರುವ ದಾರಿ ಹೀಗೆ. ಮೊದಲು ಭಯ ಇಳಿಸಿ ನೋವು ತಗ್ಗಿಸುವ ಮುಂಗಡ ಮದ್ದು, ಬ್ಯುಟಾರ್ಫನಾಲ್ ಅಥವಾ ಬ್ಯುಪ್ರೆನಾರ್ಫಿನ್, ಜೊತೆಗೆ ಮಿಡಜೊಲಾಮ್ ತರಹದ್ದು. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ. ಅದರಲ್ಲಿ ಎಚ್ಚರ ತಪ್ಪಿಸುವ ಪ್ರೊಪೊಫಾಲ್. ಹಾಲಿನ ಹಾಗೆ ಬೆಳ್ಳಗಿರುತ್ತದೆ. ಒಂದು ಮಿಲಿಯಲ್ಲಿ 10 ಮಿಲಿಗ್ರಾಂ. ಮುಂಗಡ ಮದ್ದು ಚೆನ್ನಾಗಿ ಹಿಡಿದಿದ್ದರೆ ನಾಲ್ಕು ಕಿಲೋ ನಾಯಿಗೆ ಒಂದೂವರೆ ಮಿಲಿಯ ಒಳಗೇ ಸಾಕಾಗುವುದುಂಟು. ಲೆಕ್ಕ ಹಾಕಿದ್ದನ್ನೆಲ್ಲ ಒಂದೇ ಸಲ ತಳ್ಳಿದರೆ ಉಸಿರು ನಿಲ್ಲುತ್ತದೆ. ಚೂರು ಚೂರೇ ಬಿಟ್ಟು, ದವಡೆ ಸಡಿಲವಾಯಿತಾ ಅಂತ ನೋಡುತ್ತ, ಒಂದು ನಿಮಿಷ ತೆಗೆದುಕೊಂಡು ಕೊಡಬೇಕು. ಹೆಚ್ಚಿನ ಪ್ರೊಪೊಫಾಲ್ ಬಾಟಲಿಗಳಲ್ಲಿ ಕೆಡದಂತೆ ತಡೆಯುವ ವಸ್ತು ಇರುವುದಿಲ್ಲ, ಒಳಗಿರುವುದು ಸೋಯಾ ಎಣ್ಣೆ, ಮೊಟ್ಟೆಯ ಅಂಶ. ಬ್ಯಾಕ್ಟೀರಿಯಾಕ್ಕೆ ಹಬ್ಬ. ನಿನ್ನೆ ಒಡೆದದ್ದನ್ನು ಇವತ್ತು ಬಳಸಬಾರದು. ಒಂದೂವರೆ ಮಿಲಿಗೋಸ್ಕರ ಒಂದು ಬಾಟಲಿ ಒಡೆದು ಉಳಿದದ್ದನ್ನು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಬಿಲ್ಲಿನಲ್ಲಿ ಅದು ಕಂಡಾಗ ನಿಮಗೂ ಉರಿಯಬಹುದು. ತಿಳಿದಿರಲಿ ಅಂತ ಹೇಳಿದೆ.

ಇನ್ನು ಟ್ಯೂಬ್. ಮೂರು ನಾಲ್ಕು ಕಿಲೋದ ಪಾಮಿಗೆ ನಮ್ಮ ಕಿರುಬೆರಳಿಗಿಂತ ಸಣ್ಣದು, ನಾಲ್ಕೂವರೆ ಐದು ಮಿಲಿಮೀಟರ್. ಸಹಾಯಕ ಮೇಲ್ದವಡೆ ಎತ್ತಿ ಹಿಡಿಯುತ್ತಾನೆ, ನಾನು ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಮುಂದಕ್ಕೆ ಎಳೆದು ಲ್ಯಾರಿಂಗೋಸ್ಕೋಪಿನ ಬೆಳಕು ಬಿಡುತ್ತೇನೆ. ಗಂಟಲಿನ ತಳದಲ್ಲಿ ಎರಡು ಬಿಳಿ ಅಂಚು, ಉಸಿರಿಗೆ ತಕ್ಕ ಹಾಗೆ ತೆರೆಯುತ್ತ ಮುಚ್ಚುತ್ತ ಇರುತ್ತವೆ. ತೆರೆದಾಗ ಒಳಕ್ಕೆ. ಹೊರಗಿನಿಂದ ಗಾಜ್ ಪಟ್ಟಿಯಲ್ಲಿ ಕೋರೆಹಲ್ಲಿನ ಹಿಂದೆ ಕಟ್ಟಿ, ಟ್ಯೂಬಿನ ತುದಿಯ ಪುಗ್ಗೆಗೆ ಸೋರಿಕೆ ನಿಲ್ಲುವಷ್ಟೇ ಗಾಳಿ. ಜಾಸ್ತಿ ತುಂಬಿದರೆ ಆ ಪುಟ್ಟ ಶ್ವಾಸನಾಳಕ್ಕೆ ಪೆಟ್ಟು. ಗಂಟಲಿಗೆ ಒದ್ದೆ ಗಾಜ್ ಇಡುತ್ತೇವೆ, ಬಾಲ ಹೊರಗೆ ನೇತಾಡುವ ಹಾಗೆ, ಕೊನೆಗೆ ತೆಗೆಯುವುದು ಮರೆಯಬಾರದಲ್ಲ. ಒಂದು ಬದಿ ಮುಗಿಸಿ ನಾಯಿಯನ್ನು ಮಗ್ಗುಲು ತಿರುಗಿಸುವ ಮುಂಚೆ ಟ್ಯೂಬಿಗೆ ಸೇರಿಸಿದ ಗ್ಯಾಸ್ ಮೆಷಿನ್ನಿನ ಕೊಳವೆ ಬಿಚ್ಚುತ್ತೇವೆ, ಇಲ್ಲದಿದ್ದರೆ ಟ್ಯೂಬ್ ಒಳಗೇ ತಿರುಚಿಕೊಳ್ಳುತ್ತದೆ. ಕಣ್ಣು ರೆಪ್ಪೆ ಹೊಡೆಯುವುದಿಲ್ಲ, ಆದ್ದರಿಂದ ಕಣ್ಣಿಗೆ ಮುಲಾಮು.

ಆಮೇಲೆ ಗ್ಯಾಸ್. ಐಸೊಫ್ಲುರೇನ್. ಇದರ ಗುಣ ಏನೆಂದರೆ ದೇಹ ಇದನ್ನು ಕರಗಿಸುವ ಗೋಜಿಗೆ ಹೋಗುವುದಿಲ್ಲ, ಉಸಿರಿನಲ್ಲಿ ಬಂದದ್ದು ಬಹುಪಾಲು ಉಸಿರಿನಲ್ಲೇ ಹೋಗುತ್ತದೆ. ತಿರುಪು ಇಳಿಸಿದರೆ ಕೆಲವು ನಿಮಿಷದಲ್ಲಿ ನಾಯಿ ಹಗುರವಾಗುತ್ತದೆ, ಏರಿಸಿದರೆ ಆಳಕ್ಕೆ ಹೋಗುತ್ತದೆ. ಕೈಯಲ್ಲಿ ಲಗಾಮು ಇರುತ್ತದೆ. ಸೆವೊಫ್ಲುರೇನ್ ಇದಕ್ಕಿಂತ ಚುರುಕು, ಬೆಲೆಯೂ ಜಾಸ್ತಿ. ಒಂದು ಗಂಟೆಯ ಹಲ್ಲಿನ ಕೆಲಸಕ್ಕೆ ಅದೇ ಬೇಕು ಅಂತ ಹಟ ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗ್ಯಾಸ್ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲೂ ಅಲ್ಲ, ಐಸೊಫ್ಲುರೇನ್ ರಕ್ತದೊತ್ತಡ ಇಳಿಸುತ್ತದೆ, ಜಾಸ್ತಿ ಬಿಟ್ಟಷ್ಟೂ ಜಾಸ್ತಿ ಇಳಿಸುತ್ತದೆ. ಇಂಜೆಕ್ಷನ್ನೇ ಬೇಡ ಅಂತ ಎಚ್ಚರ ಇರುವ ನಾಯಿಯ ಮುಖಕ್ಕೆ ಮಾಸ್ಕ್ ಒತ್ತಿ ಗ್ಯಾಸ್ ಬಿಡುವ ಹಳೆಯ ಪದ್ಧತಿ ಒಂದಿದೆ. ನಾಯಿ ಒದ್ದಾಡುತ್ತದೆ, ಕೋಣೆಯಲ್ಲಿದ್ದವರೆಲ್ಲ ಗ್ಯಾಸ್ ಕುಡಿಯುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ.

ಪುಟ್ಟ ನಾಯಿಗೆ ಮೆಷಿನ್ನಿನ ಕೊಳವೆಯೂ ಬೇರೆ. ದೊಡ್ಡ ನಾಯಿಯ ಸುತ್ತುಕೊಳವೆಯಲ್ಲಿ ಉಸಿರು ತಳ್ಳುವುದಕ್ಕೇ ಇದರ ಶಕ್ತಿ ಸಾಲದು. ಬೇನ್ ಸರ್ಕ್ಯೂಟ್ ಅಂತ ಹಗುರವಾದದ್ದೊಂದಿದೆ, ಕಿಲೋಗೆ ನಿಮಿಷಕ್ಕೆ 200 ಮಿಲಿಯಷ್ಟು ಆಕ್ಸಿಜನ್ ಬಿಟ್ಟರೆ ಹೊರಬಿಟ್ಟ ಗಾಳಿಯನ್ನು ತೊಳೆದು ಹಾಕುತ್ತದೆ. ನಾಲ್ಕು ಕಿಲೋಗೆ ಗಂಟೆಗೆ ಸುಮಾರು 50 ಲೀಟರ್, ಅಷ್ಟೇ. ಸಿಲಿಂಡರ್ ಎಷ್ಟೋ ದಿನ ಬರುತ್ತದೆ. ಕೊಡಗಿನವರಿಗೆ ಇದರಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಗ್ಯಾಸ್ ಆವಿ ಮಾಡುವ ವೇಪರೈಸರಿಗೆ ಕರೆಂಟ್ ಬೇಡ, ಸಿಲಿಂಡರಿಗೂ ಬೇಡ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋದರೆ ನಿಲ್ಲುವುದು ಸ್ಕೇಲರ್ ಮತ್ತು ಕರೆಂಟಿನಲ್ಲಿ ಓಡುವ ಆಕ್ಸಿಜನ್ ಕಾನ್ಸೆಂಟ್ರೇಟರ್, ಬ್ಯಾಟರಿ ಮುಗಿದ ಮೇಲೆ ಎದೆಬಡಿತ, ಉಸಿರು ತೋರಿಸುವ ಮಾನಿಟರ್. ಅದಕ್ಕೇ ಕೇಳಿ: ಇನ್ವರ್ಟರ್ ಇದೆಯಾ, ಸಿಲಿಂಡರ್ ಇದೆಯಾ. ಹಲ್ಲು ಕ್ಲೀನಿಂಗ್ ತುರ್ತಿನ ಕೆಲಸವಲ್ಲ. ಜುಲೈ, ಆಗಸ್ಟ್ ಬಿಟ್ಟು ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಮಾಡಿಸಿದರೆ ಏನೂ ಮುಳುಗಿ ಹೋಗುವುದಿಲ್ಲ.

ಗ್ಯಾಸ್ ಮೆಷಿನ್ ಇಲ್ಲದ ಕಡೆ ಏನು ಮಾಡುವುದು? ಚಿಕ್ಕ ಕೆಲಸವಾದರೆ, ಅಂದರೆ ಹಲ್ಲು ಕೀಳುವುದಿಲ್ಲ, ಬರೀ ಕ್ಲೀನಿಂಗ್, ನಾಯಿ ಆರೋಗ್ಯವಾಗಿದೆ ಅಂದರೆ, ಟ್ಯೂಬ್ ಹಾಕಿ ಆಕ್ಸಿಜನ್ ಕೊಟ್ಟು ಪ್ರೊಪೊಫಾಲನ್ನೇ ಹನಿ ಹನಿಯಾಗಿ ಮುಂದುವರಿಸಬಹುದು. ಅದು ಒಪ್ಪುವಂಥ ದಾರಿ. ವಯಸ್ಸಾದ ನಾಯಿ, ಹತ್ತು ಹಲ್ಲು ಅಲ್ಲಾಡುತ್ತಿವೆ, ಎರಡು ಗಂಟೆ ಹಿಡಿಯಬಹುದು ಅಂದರೆ ಗ್ಯಾಸ್, ಹಲ್ಲಿನ ಎಕ್ಸ್‌ರೇ, ಮಾನಿಟರ್ ಇರುವಲ್ಲಿಗೇ ಹೋಗಿ. ಹುಣಸೂರು ಮೇಲೆ ಮೈಸೂರಿಗೆ ಹೋಗುವುದು ದೂರವಾಯಿತು ಅಂತ ಇಲ್ಲೇ ಅರೆಬರೆ ಮಾಡಿಸಬೇಡಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಕಷ್ಟದ ಕೇಸುಗಳನ್ನು ಕಳಿಸುವುದು ನಮಗೇನೂ ಅವಮಾನವಲ್ಲ.

ಇಲ್ಲಿ ಒಬ್ಬರು ಅಕ್ಕ ಮಧ್ಯೆಯೇ ಕೈ ಎತ್ತಿ ಕೇಳಿದರು: "ನಮಗೆ ಹಲ್ಲು ಕೀಳುವಾಗ ಒಸಡಿಗೆ ಮರಗಟ್ಟುವ ಇಂಜೆಕ್ಷನ್ ಹಾಕ್ತಾರಲ್ಲ, ನಾಯಿಗೂ ಅಷ್ಟೇ ಸಾಲದಾ?" ಸಾಲದು ಅಕ್ಕ, ಬಾಯಿ ತೆರೆದು ಅಲ್ಲಾಡದೆ ಕೂರು ಅಂದರೆ ಕೇಳುವವರು ಯಾರು? ಆದರೆ ಅರಿವಳಿಕೆಯ ಜೊತೆಗೆ ಅದು ಬೇಕೇ ಬೇಕು. ಕೀಳುವ ಹಲ್ಲಿನ ನರಕ್ಕೆ ಲಿಗ್ನೊಕೇನ್ ಅಥವಾ ಬ್ಯುಪಿವಕೇನ್ ಕೊಟ್ಟರೆ ಗ್ಯಾಸ್ ಕಡಿಮೆ ಸಾಕು, ಒತ್ತಡ ಇಳಿಯುವುದೂ ಕಡಿಮೆ, ಎದ್ದ ಮೇಲೆ ನಾಯಿ ಅಳುವುದಿಲ್ಲ. ಲೆಕ್ಕ ಮಾತ್ರ ಬಿಗಿಯಾಗಿರಬೇಕು. ಶೇಕಡ 2ರ ಲಿಗ್ನೊಕೇನಿನ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ. ನಾಲ್ಕು ಕಿಲೋ ನಾಯಿಗೆ ಅದೇ ಕಿಲೋಗೆ 5 ಮಿಲಿಗ್ರಾಂ ಆಯಿತು, ಅಂದರೆ ಬಾಯಿಯ ನಾಲ್ಕೂ ಮೂಲೆಗೆ ಸೇರಿಸಿ ಒಂದು ಮಿಲಿಯ ಆಚೆ ನಾನು ಹೋಗುವುದಿಲ್ಲ. ಮನುಷ್ಯರ ದಂತವೈದ್ಯರು ಒಂದು ಹಲ್ಲಿಗೆ ಹಾಕುವಷ್ಟನ್ನು ಇದಕ್ಕೆ ಹಾಕಿದರೆ ಅಪಾಯ.

ಈ ಲೆಕ್ಕದ ಮಾತು ಎಲ್ಲ ಮದ್ದಿಗೂ ಅನ್ವಯಿಸುತ್ತದೆ. ಮೂವತ್ತು ಕಿಲೋ ನಾಯಿಯಲ್ಲಿ ಅರ್ಧ ಕಿಲೋ ಅಂದಾಜು ತಪ್ಪಿದರೆ ಏನೂ ಆಗುವುದಿಲ್ಲ. ಮೂರು ಕಿಲೋದಲ್ಲಿ ಅರ್ಧ ಕಿಲೋ ಅಂದರೆ ಆರನೇ ಒಂದು ಪಾಲು. ಕೂಸುಗಳನ್ನು ತೂಗುವ ತಕ್ಕಡಿಯಲ್ಲಿ ಅದೇ ದಿನ ತೂಗಬೇಕು. ಇದರ ಮೈಯಲ್ಲಿರುವ ರಕ್ತ ಕಿಲೋಗೆ 80ರಿಂದ 90 ಮಿಲಿ, ನಾಲ್ಕು ಕಿಲೋಗೆ ಒಂದು ದೊಡ್ಡ ಲೋಟದಷ್ಟು. ಹಲ್ಲು ಕೀಳುವಾಗ ಗಾಜ್ ಬಟ್ಟೆಗೆ ಹೀರಿದ ರಕ್ತವನ್ನೂ ಲೆಕ್ಕ ಇಡಬೇಕಾಗುತ್ತದೆ.

ರಕ್ತ ಅಂದೆ, ಉಣ್ಣೆಯ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಹುಳದ ವಿಷಯ ಬಿಡುವ ಹಾಗಿಲ್ಲ. ಕಾಫಿ ತೋಟದ ಮಧ್ಯೆ ಮನೆ ಇದ್ದರೆ ಸೋಫಾದ ನಾಯಿಗೂ ಉಣ್ಣೆ ಹತ್ತುತ್ತದೆ. ಉಣ್ಣೆಯಿಂದ ಎರ್ಲಿಕಿಯಾ, ಬೇಬಿಸಿಯಾ ಎಂಬ ರಕ್ತದ ಸೋಂಕು. ಎರ್ಲಿಕಿಯಾ ಒಳಗೊಳಗೇ ಕೂತು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಸುತ್ತಿರುತ್ತದೆ, ನಾಯಿ ಹೊರಗೆ ಕುಣಿದಾಡಿಕೊಂಡೇ ಇರುತ್ತದೆ. ಒಳ್ಳೆಯ ನಾಯಿಗೆ ಎರಡು ಲಕ್ಷಕ್ಕೂ ಮೇಲಿರಬೇಕಾದ ಎಣಿಕೆ 50 ಸಾವಿರಕ್ಕಿಂತ ಕೆಳಗಿದ್ದರೆ ಹಲ್ಲು ಕೀಳುವ ಮಾತೇ ಇಲ್ಲ. ಮೊದಲು ಡಾಕ್ಸಿಸೈಕ್ಲಿನ್ 28 ದಿನ, ಆಮೇಲೆ ಮತ್ತೆ ರಕ್ತ ನೋಡಿ, ಆಮೇಲೆ ಹಲ್ಲು. ನಗರದ ನಾಯಿಗೆ ರಕ್ತಪರೀಕ್ಷೆಯಲ್ಲಿ ಕಿಡ್ನಿ, ಲಿವರ್ ಮುಖ್ಯ ಅನ್ನುತ್ತಾರೆ. ನಮ್ಮ ಕಡೆ ನಾನು ಮೊದಲು ನೋಡುವುದು ಪ್ಲೇಟ್‌ಲೆಟ್ ಮತ್ತು ಸ್ಲೈಡು, ಆಮೇಲೆ ಕ್ರಿಯಾಟಿನಿನ್, ಲಿವರಿನ ಎಂಜೈಮ್, ಸಕ್ಕರೆ. "ಬರೀ ಹಲ್ಲಿಗೆ ಇಷ್ಟೊಂದು ಟೆಸ್ಟಾ" ಅನ್ನುವವರಿಗೆ ಒಂದು ಅಂಕಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಸುಮಾರು 98 ಸಾವಿರ ನಾಯಿಗಳ ಅರಿವಳಿಕೆಯ ದಾಖಲೆ ಇಟ್ಟು 2008ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಆರೋಗ್ಯವಾಗಿದ್ದ ನಾಯಿಗಳಲ್ಲಿ ಸತ್ತದ್ದು ಶೇಕಡ 0.05, ಅಂದರೆ ಸುಮಾರು 1,800ಕ್ಕೆ ಒಂದು. ಕಾಯಿಲೆ ಇದ್ದವುಗಳಲ್ಲಿ ಶೇಕಡ 1.33, ಅಂದರೆ 75ಕ್ಕೆ ಒಂದು. ಅವರ ಸೌಕರ್ಯ ಬೇರೆ, ನಮ್ಮದು ಬೇರೆ, ಒಪ್ಪಿಕೊಂಡೆ. ಆದರೆ ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ನಿಮ್ಮ ನಾಯಿ ಯಾವ ಗುಂಪಿನಲ್ಲಿದೆ ಅಂತ ಮುಂಚೆಯೇ ತಿಳಿಯುವುದಕ್ಕೇ ಆ ಟೆಸ್ಟು. ಐದು ಕಿಲೋಗಿಂತ ಚಿಕ್ಕ ನಾಯಿಗಳಿಗೆ ಅಪಾಯ ಜಾಸ್ತಿ ಅಂತಲೂ ಅದೇ ಅಧ್ಯಯನದಲ್ಲಿ ಕಂಡಿತು.

ಅದರಲ್ಲಿ ಇನ್ನೊಂದು ಸಂಗತಿ ಇದೆ, ನಿಮಗೆ ಹೆಚ್ಚು ಬೇಕಾದದ್ದು. ಸತ್ತ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಸತ್ತದ್ದು ಕೆಲಸ ಮುಗಿದ ಮೇಲೆ, ಅದರಲ್ಲೂ ಹೆಚ್ಚಿನವು ಮೊದಲ ಮೂರು ಗಂಟೆಯಲ್ಲಿ. "ಮುಗೀತಲ್ಲ" ಅಂತ ಎಲ್ಲರೂ ಕೈ ತೊಳೆದು ಕಾಫಿಗೆ ಹೋಗುವ ಹೊತ್ತು ಅದು. ಟ್ಯೂಬ್ ತೆಗೆಯುವುದು ನಾಯಿ ತಾನೇ ನುಂಗಿದ ಮೇಲೆ. ಪಗ್ ಆದರೆ ಇನ್ನೂ ತಡ. ಅದರ ಮೂಗಿನ ದಾರಿ ಮೊದಲೇ ಇಕ್ಕಟ್ಟು, ಟ್ಯೂಬ್ ಇರುವಾಗಲೇ ಅದು ಬದುಕಿನಲ್ಲಿ ಮೊದಲ ಸಲ ಸರಾಗವಾಗಿ ಉಸಿರಾಡುತ್ತಿರುತ್ತದೆ, ತೆಗೆಯಲು ಅವಸರ ಯಾಕೆ? ಎದೆಯ ಮೇಲೆ ನೆಟ್ಟಗೆ ಮಲಗಿಸಿ, ತಲೆ ಎತ್ತುವ ತನಕ ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಆದ್ದರಿಂದ ಸಂಜೆ ಐದಕ್ಕೆ ಮಾಡಿಸಿಕೊಂಡು ಆರಕ್ಕೆ ಎತ್ತಿಕೊಂಡು ಹೋಗುವ ಏರ್ಪಾಡು ಬೇಡ. ಬೆಳಗಿನ ಮೊದಲ ಕೇಸ್ ಆಗಿ ಕೊಡಿ, ಮಧ್ಯಾಹ್ನದವರೆಗೆ ಕ್ಲಿನಿಕ್ಕಿನಲ್ಲೇ ಬಿಡಿ.

ಚಳಿ ಇನ್ನೊಂದು. ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ, ಬಾಯಿಂದ ಹರಿದ ನೀರು ಕುತ್ತಿಗೆ ಕೂದಲನ್ನು ತೋಯಿಸುತ್ತದೆ, ಕೆಳಗೆ ಸ್ಟೀಲ್ ಮೇಜು, ಹೊರಗೆ ಮಡಿಕೇರಿಯ ಡಿಸೆಂಬರ್. 101, 102 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದ ಮೈ ಅರ್ಧ ಗಂಟೆಯಲ್ಲೇ 97ಕ್ಕೆ ಇಳಿದುಬಿಡಬಹುದು. ತಣ್ಣಗಾದ ನಾಯಿಗೆ ಮದ್ದು ಇಳಿಯುವುದೂ ನಿಧಾನ, ಏಳುವುದೂ ನಿಧಾನ. ಪಾದಕ್ಕೆ ಸಾಕ್ಸ್ ಹಾಕಿ, ಮೈಗೆ ಟವೆಲ್ ಸುತ್ತಿ, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು. ನೇರವಾಗಿ ಇಟ್ಟರೆ ಚರ್ಮ ಸುಡುತ್ತದೆ, ಎಚ್ಚರ ಇಲ್ಲದ ನಾಯಿ ಹೇಳುವುದಿಲ್ಲ. ಬರುವಾಗ ಮನೆಯಿಂದ ಒಂದು ಒಣ ಕಂಬಳಿ ತನ್ನಿ.

ಉಪವಾಸದ ವಿಷಯದಲ್ಲಿ ನಮ್ಮವರದು ಅತಿ. ಬೆಳಗ್ಗೆ ಆಪರೇಷನ್ ಅಂದರೆ ಹಿಂದಿನ ದಿನ ಮಧ್ಯಾಹ್ನದಿಂದಲೇ ಅನ್ನ ನಿಲ್ಲಿಸಿ ಬರುತ್ತಾರೆ. ದೊಡ್ಡ ನಾಯಿ ತಡೆದುಕೊಳ್ಳುತ್ತದೆ. ಎರಡು ಮೂರು ಕಿಲೋದ ನಾಯಿಯ ಸಕ್ಕರೆ ಇಳಿದು ನಡುಗತೊಡಗುತ್ತದೆ. ಆರೋಗ್ಯವಾದ ಬೆಳೆದ ನಾಯಿಗೆ ನಾಲ್ಕರಿಂದ ಆರು ಗಂಟೆಯ ಉಪವಾಸ ಸಾಕು ಅಂತ ಈಗಿನ ಪದ್ಧತಿ, ನೀರಂತೂ ಹೊರಡುವ ತನಕ ಇರಲಿ. ತೀರ ಸಣ್ಣದು, ಮರಿ, ಸಕ್ಕರೆ ಕಾಯಿಲೆಯದ್ದು ಇದ್ದರೆ ಮುಂಚೆಯೇ ಫೋನ್ ಮಾಡಿ ಕೇಳಿ. ಘಾಟಿ ರಸ್ತೆಯಲ್ಲಿ ವಾಂತಿ ಮಾಡುವ ನಾಯಿ ಆದರೆ ಅದನ್ನೂ ಹೇಳಿ.

ಒಂದು ಖರ್ಚು ಉಳಿಸುವ ಮಾತು. ಪುಟ್ಟ ತಳಿಗಳಲ್ಲಿ ಹಾಲುಹಲ್ಲಿನ ಕೋರೆ ಬೀಳದೆ ಹೊಸ ಕೋರೆಯ ಪಕ್ಕ ನಿಂತುಬಿಡುವುದು ತೀರ ಸಾಮಾನ್ಯ. ಆರು ತಿಂಗಳಾದರೂ ಜೋಡಿ ಕೋರೆ ಕಂಡರೆ ಸಂತಾನಹರಣ ಆಪರೇಷನ್ ಮಾಡಿಸುವ ದಿನವೇ ಅದನ್ನೂ ತೆಗೆಸಿ, ಒಂದೇ ಅರಿವಳಿಕೆಯಲ್ಲಿ ಎರಡು ಕೆಲಸ.

ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯಲ್ಲಿ ಏನು ಮಾಡಬೇಕು ಅಂತಲೇ ಇದ್ದವು. ದಿನಾ ಬ್ರಷ್ ಮಾಡಿ, ಬೇರೆ ದಾರಿ ಇಲ್ಲ. ಮಗುವಿನ ಮೆದು ಬ್ರಷ್, ನಾಯಿಯದೇ ಪೇಸ್ಟ್. ನಮ್ಮ ಪೇಸ್ಟ್ ಬೇಡ, ಕೆಲವದರಲ್ಲಿ ಕ್ಸೈಲಿಟಾಲ್ ಇರುತ್ತದೆ, ನಾಯಿಗೆ ಅದು ವಿಷ. ಪಂದಿ ಕರಿಯ, ಅಂದರೆ ಹಂದಿ ಮಾಂಸದ ಅಡುಗೆಯ ಮೂಳೆ ಅಗಿದರೆ ಹಲ್ಲು ಕ್ಲೀನ್ ಆಗುತ್ತದೆ ಅಂತ ಹಿಂದಿನ ಸಾಲಿನಿಂದ ಒಬ್ಬರು ಮಾವ ವಾದಿಸಿದರು. ಮಾವ, ಬೆಂದ ಮೂಳೆ ಅಗಿದು ಮೇಲ್ದವಡೆಯ ದೊಡ್ಡ ಹಲ್ಲು ಸೀಳಿಕೊಂಡು ಬರುವ ನಾಯಿಗಳನ್ನು ನಾನು ಪುತ್ತರಿ ಹಬ್ಬದ ವಾರ ನೋಡುತ್ತೇನೆ. ಕರಿ ನೀವು ತಿನ್ನಿ.

ಕೊನೆಯ ಪ್ರಶ್ನೆ ಸಿದ್ದಾಪುರ ಕಡೆಯಿಂದ ಬಂದಿದ್ದ ಅಮ್ಮನದು. ಅವರ ಪಾಮಿಗೆ ಹದಿಮೂರು ವರ್ಷ, ಎದೆಯಲ್ಲಿ ಶಬ್ದ ಇದೆ ಅಂತ ಯಾರೋ ಹೇಳಿದ್ದಾರೆ, ಬಾಯಿ ನಾರುತ್ತದೆ, ಗಟ್ಟಿ ತಿನ್ನುವುದು ಬಿಟ್ಟಿದೆ. ಅರಿವಳಿಕೆ ಕೊಡಬಹುದಾ?

ವಯಸ್ಸೊಂದೇ ಅಡ್ಡಿಯಲ್ಲ ಅಮ್ಮ. ಮುದಿ ಪುಟ್ಟ ನಾಯಿಗಳಲ್ಲಿ ಹೃದಯದ ಎಡಬದಿಯ ಕವಾಟ ದಪ್ಪವಾಗಿ ಸೋರುವುದು ಬಹಳ ಸಾಮಾನ್ಯ. ಶಬ್ದ ಇದ್ದೂ ಹೃದಯ ದೊಡ್ಡದಾಗದೆ, ಕೆಮ್ಮು, ಏದುಸಿರು ಇಲ್ಲದಿದ್ದರೆ ಎಚ್ಚರಿಕೆಯಿಂದ ಮಾಡಬಹುದು. ಕ್ಸೈಲಝೀನ್, ಮೆಡೆಟೊಮಿಡೀನ್ ಜಾತಿಯ ಮದ್ದು ಅದಕ್ಕೆ ನಾನು ಕೊಡುವುದಿಲ್ಲ, ಡ್ರಿಪ್ ಕೂಡ ಕೈ ಬಿಗಿ ಹಿಡಿದೇ ಬಿಡುತ್ತೇನೆ. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಮೊದಲು ಹೃದಯದ ಮದ್ದು, ಹಲ್ಲು ಆಮೇಲೆ. ರಾತ್ರಿ ಮಲಗಿ ನಿದ್ದೆ ಹೋದಾಗ ನಿಮಿಷಕ್ಕೆ ಎಷ್ಟು ಸಲ ಹೊಟ್ಟೆ ಏರಿಳಿಯುತ್ತದೆ ಅಂತ ನಾಲ್ಕು ದಿನ ಎಣಿಸಿ ಬರೆದಿಡಿ. ಮೂವತ್ತಕ್ಕಿಂತ ಜಾಸ್ತಿ ಇದ್ದರೆ ಕಾಯಬೇಡಿ, ಅವತ್ತೇ ತನ್ನಿ. ಇಲ್ಲದಿದ್ದರೆ ಸೋಮವಾರ ಆ ಚೀಟಿ ಹಿಡಿದುಕೊಂಡು ಬನ್ನಿ. ತಿಂಡಿ ಕೊಟ್ಟೇ ಕರೆತನ್ನಿ, ಅಂದು ಎದೆಯ ಎಕ್ಸ್‌ರೇ ಮತ್ತು ರಕ್ತ ಅಷ್ಟೇ.